ಇಂದ್ರಾಣಿಯ ಬಾಯಲ್ಲಿ ನನ್ನ ವಾದ

ಮೈಸೂರಿನಿಂದ ಊಟಿ ಬಸ್ಸು ಹೊರಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಫೆಬ್ರವರಿಯ ಮೊದಲ ವಾರ. ಕಿಟಕಿಯ ಗಾಜು ಎಷ್ಟು ಎಳೆದರೂ ಪೂರ್ತಿ ಮುಚ್ಚಲಿಲ್ಲ. ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು ಕೂತೆ. ನಂಜನಗೂಡು ದಾಟುವಷ್ಟರಲ್ಲಿ ಗಂಟಲು ಕೆರೆಯತೊಡಗಿತ್ತು. ಧೂಳಿಗೆ ಇರಬೇಕು ಅಂದುಕೊಂಡು ಎರಡು ಲವಂಗ ಬಾಯಿಗೆ ಹಾಕಿಕೊಂಡೆ.

ನಾನು ಮೈಸೂರಿನ ಒಂದು ಸಣ್ಣ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡುವವಳು. ಪರಿಸರ ಉಳಿಸುವ ಹೆಸರಿನಲ್ಲಿ ಹೊರದೇಶದ ನಿಧಿಗಳು ನಮ್ಮ ಹಳ್ಳಿಗಳಿಗೆ ಕಳಿಸುವ ಹಣ ಏನಾಗುತ್ತದೆ, ಯಾವ ಷರತ್ತಿನ ಮೇಲೆ ಕೊಟ್ಟರೆ ಅದರಿಂದ ಏನಾದರೂ ಉಳಿಯುತ್ತದೆ ಎಂದು ನೋಡುವುದು ನಮ್ಮ ಕೆಲಸ. ಈ ಸಲದ ಪ್ರಯಾಣವೂ ಅದಕ್ಕಾಗಿಯೇ. ನೀಲಗಿರಿಯ ಸಣ್ಣ ಟೀ ಬೆಳೆಗಾರರು ಕಡಿದಾದ ಇಳಿಜಾರು ಮತ್ತು ಹಳ್ಳದ ಅಂಚಿನ ಟೀ ಗಿಡಗಳನ್ನು ಕಿತ್ತು, ಅಲ್ಲಿ ಮೊದಲಿದ್ದ, ಶೋಲಾ ಎಂದು ಕರೆಯುವ ದಟ್ಟ ಬೆಟ್ಟಗಾಡು ಮತ್ತು ಹುಲ್ಲು ಮತ್ತೆ ಬೆಳೆಯಲು ಬಿಟ್ಟರೆ ಅವರಿಗೆ ಹಣ ಕೊಡುತ್ತೇವೆ ಎಂದು ಒಂದು ವಿದೇಶಿ ನಿಧಿ ಮುಂದೆ ಬಂದಿತ್ತು. ಕಾಡು ಬಂದರೆ ಒರತೆಗಳು ಬರುತ್ತವೆ, ಕೆಳಗಿನ ಊರುಗಳಿಗೆ ನೀರು ಸಿಗುತ್ತದೆ ಎಂಬುದು ಲೆಕ್ಕಾಚಾರ. ಆ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಹಣ ಯಾವಾಗ ಕೊಡಬೇಕು ಎಂಬುದರಲ್ಲೇ ಜಗಳ. ಮೊದಲೇ ಕೊಡಬೇಕು ಎಂದು ಕೆಲವರು. ಕಾಡು ನಿಜವಾಗಿ ಬೆಳೆದದ್ದು ಕಂಡ ಮೇಲೆ ಕೊಡಬೇಕು ಎಂದು ಇನ್ನು ಕೆಲವರು. ನಾನು ಎರಡನೆಯ ಪಕ್ಷದವಳು. ಊಟಿಯಲ್ಲಿ ಒಂದು ದಿನ ಚರ್ಚೆ, ಮಾರನೆಯ ದಿನ ಕೋತಗಿರಿ ಕಡೆಯ ಒಂದು ಹಟ್ಟಿಯಲ್ಲಿ ಬೆಳೆಗಾರರ ಸಭೆ, ಮೂರನೆಯ ದಿನ ಮತ್ತೆ ಊಟಿಯಲ್ಲಿ ಶಿಫಾರಸು. ಹಟ್ಟಿಯ ಸಭೆಯಲ್ಲಿ ಯೋಜನೆಯನ್ನು ವಿವರಿಸುವ ಕೆಲಸ ನನ್ನದಾಗಿತ್ತು. ಅಲ್ಲಿಯ ಬಡಗ ಭಾಷೆಗೆ ಕನ್ನಡ ಹತ್ತಿರ ಎಂಬುದೇ ನನ್ನನ್ನು ಆರಿಸಿದ್ದಕ್ಕೆ ಕಾರಣ.

ಬಂಡೀಪುರದ ಕಾಡು ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಕಕ್ಕನಹಳ್ಳದ ತಪಾಸಣಾ ಠಾಣೆಯಲ್ಲಿ ಒಬ್ಬ ಕಾವಲುಗಾರ ಬಸ್ ಹತ್ತಿ, ಸೀಟಿನಿಂದ ಸೀಟಿಗೆ ನೋಡುತ್ತಾ ಬಂದು, ನನ್ನ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ತೆಗೆದುಕೊಂಡು ಹೋದ. ನೀಲಗಿರಿಯೊಳಗೆ ಅದು ನಿಷಿದ್ಧ. ಪರಿಸರದ ಬಗ್ಗೆ ಮಾತಾಡಲು ಹೊರಟವಳ ಕೈಯಿಂದಲೇ ಬಾಟಲಿ ಹೋಯಿತಲ್ಲ ಎಂದು ನನಗೇ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಸ್ಟೀಲ್ ಬಾಟಲಿಯನ್ನು ಚಾಚಿ, “ಎತ್ತಿ ಕುಡೀರಿ, ಬಿಸಿನೀರಿದೆ” ಅಂದರು. ಅವರು ಗುಂಡ್ಲುಪೇಟೆಯಲ್ಲಿ ಹತ್ತಿದ್ದರು. ಗೂಡಲೂರಿನಲ್ಲಿ ಇಳಿಯುವ ತನಕ ಆ ಬಾಟಲಿ ನಮ್ಮಿಬ್ಬರ ನಡುವೆಯೇ ಇತ್ತು.

ಗೂಡಲೂರಿನಲ್ಲಿ ಬಸ್ಸು ನಿಂತಾಗ ಇಳಿದು ಒಂದು ಚಹಾದಂಗಡಿಗೆ ಹೋದೆ. ನನ್ನ ದನಿ ಕೇಳಿಯೇ ಅಂಗಡಿಯಾತ ಚಹಾಕ್ಕೆ ಒಂದಿಷ್ಟು ಶುಂಠಿ ಜಜ್ಜಿ ಹಾಕಿದ. “ಚೂಡೋಡೆ ಕುಡಿಚ್ಚೋ, ಚೇಚಿ” ಅಂದ. ಮಲಯಾಳಂನಲ್ಲಿ, ಬಿಸಿಬಿಸಿ ಕುಡಿ ಅಕ್ಕ ಎಂದು. ಕುಡಿದೆ. ಅಲ್ಲಿಂದ ಮುಂದೆ ಘಾಟಿ. ನಡುವಟ್ಟಂ ದಾಟುತ್ತಿದ್ದಂತೆ ನೀಲಗಿರಿ ಮರಗಳ ವಾಸನೆ ಕಿಟಕಿಯ ಸಂದಿಯಿಂದ ಒಳಗೆ ನುಗ್ಗಿತು. ಪೈಕಾರದ ಹತ್ತಿರ ತಗ್ಗುಗಳಲ್ಲಿ ಬಿಳಿ ಹಿಮ ಇನ್ನೂ ಕರಗಿರಲಿಲ್ಲ. ಬಿಸಿಲು ಇತ್ತು, ಶಾಖ ಇರಲಿಲ್ಲ.

ಊಟಿಯ ಚರ್ಚೆ ಒಂದು ಹಳೆಯ ಕಟ್ಟಡದ ಎತ್ತರದ ಚಾವಣಿಯ ಕೋಣೆಯಲ್ಲಿ ನಡೆಯಿತು. ನಿಧಿಯ ಪರವಾಗಿ ಬಂದವಳು ಆನ್ನಾ, ನಲವತ್ತರ ಆಸುಪಾಸಿನ ಯುರೋಪಿನ ಹೆಂಗಸು. ಅವಳು ಹೆಚ್ಚು ಮಾತಾಡದೆ ಎಲ್ಲರನ್ನೂ ಕೇಳಿಸಿಕೊಳ್ಳುತ್ತಿದ್ದಳು. ಚೆನ್ನೈನಿಂದ ಬಂದಿದ್ದ ಅರ್ಥಶಾಸ್ತ್ರದ ಪ್ರೊಫೆಸರರೊಬ್ಬರು ಫಲಿತಾಂಶ ಕಾಣದೆ ಹಣ ಕೊಡುವುದು ದಾನವಾಗುತ್ತದೆ, ಹೂಡಿಕೆಯಾಗುವುದಿಲ್ಲ ಎಂದು ವಾದಿಸಿದರು. ನಾನೂ ಅದೇ ಬದಿಯಲ್ಲಿ ಮಾತಾಡಿದೆ. ಚಾಮರಾಜನಗರದ ಒಣಗುಡ್ಡಗಳಲ್ಲಿ ನಾನು ಕಂಡದ್ದನ್ನು ಹೇಳಿದೆ. ಅಲ್ಲಿ ಹಣ ಮೊದಲು ಬಂತು, ಸಸಿ ಆಮೇಲೆ ಬಂತು, ಯೋಜನೆಯ ಹೆಸರಿನ ಬೋರ್ಡು ಕೊನೆಗೆ ಬಂತು. ಈಗ ಉಳಿದಿರುವುದು ಬೋರ್ಡು ಮಾತ್ರ.

“ಒಂದು ಪ್ರಶ್ನೆ” ಎಂದು ಹಿಂದಿನ ಸಾಲಿನಲ್ಲಿ ಒಬ್ಬಾಕೆ ಕೈ ಎತ್ತಿದಳು. “ಟೀ ಕಿತ್ತ ದಿನದಿಂದ ಕಾಡು ಬೆಳೆಯುವ ದಿನದವರೆಗೆ ಆ ಮನೆಯವರು ಏನು ಮಾಡಬೇಕು?”

ಅವಳೇ ಇಂದ್ರಾಣಿ. ಕೋತಗಿರಿಯ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳು, ಜೊತೆಗೆ ಮನೆಯ ಟೀ ತೋಟವನ್ನೂ ನೋಡಿಕೊಳ್ಳುವವಳು. ಹಟ್ಟಿಯ ಸಭೆಯನ್ನು ಏರ್ಪಡಿಸಿದ್ದೂ ಅವಳೇ, ನಾನು ಉಳಿಯಬೇಕಾಗಿದ್ದದ್ದೂ ಅವಳ ಮನೆಯಲ್ಲೇ. ನಾನು ಉತ್ತರ ಕೊಡಲು ಬಾಯಿ ತೆರೆದಾಗ ಕೆಮ್ಮು ಒತ್ತಿ ಬಂತು. ಅಷ್ಟರಲ್ಲಿ ಚಹಾದ ಹೊತ್ತಾಯಿತು. ಪ್ರಶ್ನೆ ಹಾಗೇ ಉಳಿಯಿತು.

ಸಂಜೆ ಅವಳ ಹಳೆಯ ಕಾರಿನಲ್ಲಿ ಕೋತಗಿರಿಗೆ ಹೊರಟೆವು. ಮೂವತ್ತು ಕಿಲೋಮೀಟರಿನಷ್ಟು ದಾರಿ. ಬಿ.ಎಡ್. ಅನ್ನು ಮೈಸೂರಿನಲ್ಲಿ ಮಾಡಿದ್ದರಿಂದ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ನಡುನಡುವೆ ಅವಳ ಮನೆಮಾತು ಇಣುಕುತ್ತಿತ್ತು.

“ನಿಮ್ಮ ಮಾತು ತಪ್ಪು ಅಂತ ನಾ ಹೇಳಿಲ್ಲೆ ಅಕ್ಕ” ಅಂದಳು. “ಎಂಗ ಕಡೆಯೂ ಹಾಗೇ ಸಸಿ ನೆಟ್ಟು ಹೋದವರಿದ್ದಾರೆ. ಆದರೆ ನೀವು ಕಾಯೋ ಕೆಲಸವನ್ನೆಲ್ಲ ಬೆಳೆಗಾರನ ತಲೆ ಮೇಲೆ ಹಾಕ್ತೀರಿ. ಟೀ ಗಿಡ ಕಿತ್ತರೆ ನಾಳೆಯಿಂದಲೇ ಲೀಫ್ ಇಲ್ಲೆ. ಸೊಪ್ಪು ಒಯ್ಯೋ ಫ್ಯಾಕ್ಟರಿ ವ್ಯಾನು ನಮ್ಮ ಮನೆ ಮುಂದೆ ನಿಲ್ಲದು.”

“ಮೊದಲೇ ಕೊಟ್ಟರೆ ಆಮೇಲೆ ಯಾರು ಬಂದು ನೋಡ್ತಾರೆ?” ಅಂದೆ. ನನ್ನ ದನಿ ಆಗಲೇ ಒಡೆದು ಹೋಗಿತ್ತು.

“ಸರಿ, ಸಭೆಯಲ್ಲಿ ಹೇಳಿ. ನಾನೂ ಹೇಳ್ತೆ. ಊರೋರು ಕೇಳಲಿ.”

ಅವಳ ಹಟ್ಟಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಹೊರಗೆ ಬಂದರೆ ಜಾಗ ನೋಡಲು ಬರುವವರ ಸಾಲು ಹತ್ತುತ್ತದೆ ಎಂದು ಊರವರು ಕೇಳಿಕೊಂಡಿದ್ದರು. ಕೋತಗಿರಿಯಿಂದ ಟೌನ್ ಬಸ್ಸು ಹೋಗುವ ದಾರಿಯಲ್ಲಿ, ಒಂದಕ್ಕೊಂದು ಗೋಡೆ ಅಂಟಿಸಿಕೊಂಡ ಮನೆಗಳ ಉದ್ದನೆಯ ಸಾಲು. ಮುಂದೆ ಕಲ್ಲು ಹಾಸಿದ ಅಂಗಳ, ಅದರ ಕೆಳಗೆ ಹಳ್ಳದ ತನಕ ಇಳಿದು ಹೋಗುವ ಟೀ ತೋಟ. ಆ ಹಳ್ಳದ ಅಂಚೇ ನಾಳೆಯ ಸಭೆಯ ವಿಷಯ.

ಬಾಗಿಲಲ್ಲಿ ಇಂದ್ರಾಣಿಯ ಅತ್ತೆ ನಿಂತಿದ್ದರು. ತಲೆಗೆ ಬಿಳಿ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಮೈಗೆ ಬಿಳಿ ಶಾಲು ಹೊದ್ದಿದ್ದ ಅಜ್ಜಿ. ಊರಿಗೆಲ್ಲ ಅವರು ಮಾಸಿ ಹೆತ್ತೆ. ಹೆತ್ತೆ ಎಂದರೆ ಅಜ್ಜಿ. ನಾನು ಬಗ್ಗಿ ನಮಸ್ಕರಿಸಿದಾಗ ಎರಡು ಕೈಯನ್ನೂ ನನ್ನ ತಲೆಯ ಮೇಲಿಟ್ಟು ಒಂದಷ್ಟು ಹೊತ್ತು ಹರಸಿದರು. ಪದಗಳು ಅರ್ಧ ಮಾತ್ರ ತಿಳಿದವು. ಅಂಗೈಯ ಬಿಸಿ ಪೂರ್ತಿ ತಿಳಿಯಿತು. “ಒಳಗೆ ಬಾ ಅಮ್ಮ, ಚಳಿ” ಅಂದರು.

ಅಡುಗೆಮನೆಯ ಒಲೆಯ ಪಕ್ಕ ಮಣೆ ಹಾಕಿ ಕೂರಿಸಿದರು. ರಾಗಿ ಹಿಟ್ಟಿನ ಉಂಡೆ, ಉದಕ ಎಂದು ಅವರು ಕರೆಯುವ ಅವರೆಕಾಳಿನ ಸಾರು, ಮೇಲೆ ಒಂದು ಚಮಚ ತುಪ್ಪ. ಮೈಸೂರಿನ ಮುದ್ದೆಗೂ ಇದಕ್ಕೂ ನಂಟಿದೆ, ಆದರೆ ಉದಕದ ಮಸಾಲೆಯೇ ಬೇರೆ. ನಾನು ಉಂಡೆಯನ್ನು ಮುರಿದು ಅದ್ದುವುದನ್ನು ಹೆತ್ತೆ ನೋಡಿ, ಸೊಸೆಯ ಕಡೆ ತಿರುಗಿ ಏನೋ ಹೇಳಿ ನಕ್ಕರು.

“ಏನಂದ್ರು?” ಎಂದು ಕೇಳಿದೆ.

“ಮಾತು ಬಾರದಿದ್ದರೂ ಊಟ ಬರುತ್ತೆ ಇವಳಿಗೆ ಅಂದ್ರು.”

ಅದು ನಿಜವಾಗಲು ಬೆಳಗಾಗುವುದೊಂದೇ ಬಾಕಿಯಿತ್ತು. ಎದ್ದು “ಇಂದ್ರಾಣಿ” ಎಂದು ಕೂಗಲು ನೋಡಿದೆ, ಬಾಯಿಂದ ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ. ಇಲಿ ಕೀಚುಗುಟ್ಟುವಂಥ ಒಂದು ಸದ್ದು ಬಂದು ನಿಂತುಹೋಯಿತು. ಇಪ್ಪತ್ತು ವರ್ಷ ಮಾತಾಡಿಯೇ ಸಂಬಳ ತಿಂದವಳು ನಾನು. ಸಭೆಗೆ ಇನ್ನು ಎರಡು ಮೂರು ಗಂಟೆ ಇತ್ತು. ಹಾಸಿಗೆಯ ಮೇಲೆ ಕೂತು ಅಳು ತಡೆದುಕೊಂಡೆ.

ಹೆತ್ತೆ ಬಂದು ನನ್ನ ಗದ್ದ ಎತ್ತಿ ಬಾಯಿ ತೆರೆಸಿ ನೋಡಿದರು. ಕರಿಮೆಣಸು ಜಜ್ಜಿ ಕುದಿಸಿ, ಪಕ್ಕದ ಮನೆಯಿಂದ ಜೇನು ತರಿಸಿ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿದರು. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ತುಟಿಯ ಮೇಲೆ ಬೆರಳಿಟ್ಟು, “ಸುಮ್ಮೆ ಇರು” ಎಂದು ಗದರಿದರು. ಕುತ್ತಿಗೆಗೆ ತಮ್ಮದೇ ಉಣ್ಣೆಯ ಬಟ್ಟೆ ಸುತ್ತಿದರು. ಅವರ ಮುಂದೆ ನಾನು ಪೂರಾ ಚಿಕ್ಕ ಹುಡುಗಿಯಾದೆ. ಅದೊಂದು ಸುಖ. ತಾಯಿ ಹೋದ ಮೇಲೆ ನನ್ನನ್ನು ಹಾಗೆ ಗದರಿದವರು ಇರಲಿಲ್ಲ.

ಸಭೆ ಮುಂದೂಡುವಂತಿರಲಿಲ್ಲ. ಆನ್ನಾ ಆಗಲೇ ಊಟಿಯಿಂದ ಹೊರಟಿದ್ದಳು. ಬೆಳೆಗಾರರು ಟೀ ಸೊಪ್ಪು ಕೀಳುವ ಕೆಲಸ ಬಿಟ್ಟು ಬರುವವರಿದ್ದರು. ನಾನು ಬರೆದಿಟ್ಟಿದ್ದ ಭಾಷಣದ ಹಾಳೆಗಳನ್ನು ಇಂದ್ರಾಣಿ ಕೈಗೆ ತೆಗೆದುಕೊಂಡು ನಿಂತೇ ಓದಿದಳು.

“ನಾ ಹೇಳ್ತೆ” ಅಂದಳು. “ನಿಮ್ಮದನ್ನ ನಿಮ್ಮ ಹಾಗೇ ಹೇಳ್ತೆ. ಒಂದು ಮಾತು ಬಿಡೋದಿಲ್ಲ. ಆಮೇಲೆ ನಂದು ಹೇಳ್ತೆ. ಒಪ್ಪಿಗೆಯಾ?”

ತಲೆಯಾಡಿಸಿದೆ. ಬೇರೆ ದಾರಿಯೂ ಇರಲಿಲ್ಲ. ನನ್ನ ವಾದವನ್ನು ಒಪ್ಪದವಳ ಬಾಯಲ್ಲಿ ಅದನ್ನು ಇಟ್ಟು ಕಳಿಸುತ್ತಿದ್ದೇನೆ ಎಂಬ ಅಳುಕು ಮಾತ್ರ ಹೋಗಲಿಲ್ಲ.

ಹಟ್ಟಿಯ ಸಮುದಾಯ ಭವನದಲ್ಲಿ ಗಂಡಸರು ಒಂದು ಕಡೆ ಕುರ್ಚಿಗಳಲ್ಲಿ, ಹೆಂಗಸರು ಇನ್ನೊಂದು ಕಡೆ ಜಮಖಾನದ ಮೇಲೆ ಕೂತಿದ್ದರು. ಆನ್ನಾ ಬೂಟು ಕಳಚಿ ಹೆಂಗಸರ ನಡುವೆ ಹೋಗಿ ಕೂತಳು. ಅವಳಿಗೆ ಇಂಗ್ಲಿಷಿನಲ್ಲಿ ಹೇಳಲು ಇಂದ್ರಾಣಿಯ ಸಹೋದ್ಯೋಗಿಯೊಬ್ಬಳು ಪಕ್ಕದಲ್ಲಿದ್ದಳು. ನಾನು ಇಂದ್ರಾಣಿಯ ಎಡಗಡೆ ಒಂದು ಸ್ಟೂಲಿನ ಮೇಲೆ, ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡು. ಮುಂದಿನದೆಲ್ಲ ಬಡಗ ಭಾಷೆಯಲ್ಲಿ ನಡೆಯಿತು. ನನಗೆ ತಿಳಿದಷ್ಟನ್ನು, ಆಮೇಲೆ ಇಂದ್ರಾಣಿಯನ್ನು ಕೇಳಿ ತಿಳಿದುಕೊಂಡಷ್ಟನ್ನು ಕನ್ನಡಕ್ಕೆ ಹೊಂದಿಸಿ ಬರೆಯುತ್ತಿದ್ದೇನೆ.

“ಮೈಸೂರಿನ ಅಕ್ಕನಿಗೆ ದನಿ ಹೋಗಿದೆ” ಎಂದು ಇಂದ್ರಾಣಿ ಶುರುಮಾಡಿದಳು. “ಮೊದಲು ಅವರ ಮಾತು. ಅದು ನನ್ನದಲ್ಲ. ಆಮೇಲೆ ನನ್ನ ಮಾತು. ಅದು ಅವರದಲ್ಲ. ಎರಡನ್ನೂ ಕಲಸಬೇಡಿ.”

ಕೊಟ್ಟ ಮಾತಿನಂತೆ ನಡೆದುಕೊಂಡಳು. ನಾನು ಹಾಳೆಯಲ್ಲಿ ಬರೆದದ್ದು ಒಣ ಬರಹ. ಅವಳು ಅದಕ್ಕೆ ಈ ಊರಿನ ಹಳ್ಳ, ಈ ಊರಿನ ತಗ್ಗು, ಹಿಮಕ್ಕೆ ಸುಟ್ಟು ಕಂದುವ ಆ ಅಂಚಿನ ಟೀ ಗಿಡ ಎಲ್ಲವನ್ನೂ ಹೆಸರಿಟ್ಟು ಸೇರಿಸಿದಳು. ಬೇಸಿಗೆಯಲ್ಲಿ ಲಾರಿಯ ನೀರಿಗೆ ಕೊಡ ಹಿಡಿದು ನಿಲ್ಲುವುದನ್ನು ಹೇಳಿದಳು. ಸಸಿ ಸತ್ತು ಬೋರ್ಡು ಉಳಿದ ಕಥೆಯನ್ನು ಹೇಳಿದಾಗ ಗಂಡಸರ ಕಡೆಯಿಂದ ನಗು ಕೇಳಿತು. “ಅದಕ್ಕೇ ಅಕ್ಕ ಹೇಳುವುದು, ಮರ ನಿಂತ ಮೇಲೆ ಹಣ” ಎಂದು ಮುಗಿಸಿದಾಗ ಕೆಲವರು ತಲೆಯಾಡಿಸಿದರು. ನನ್ನ ವಾದವನ್ನು ನಾನೇ ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಬೇಕಂತಲೇ ಸ್ವಲ್ಪ ಸಪ್ಪೆಯಾಗಿ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಹಾಗೆ ಮಾಡಲಿಲ್ಲ.

ಆಮೇಲೆ ನೀರು ಕುಡಿದು, ಎರಡು ಹೆಜ್ಜೆ ಬಲಕ್ಕೆ ಸರಿದು ನಿಂತಳು. “ಇನ್ನು ನಾನು” ಅಂದಳು. ಊಟಿಯಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳಿದಳು. ಕಾಯುವ ವರ್ಷಗಳನ್ನು ಯಾರು ಹೊರಬೇಕು? ನಿಧಿಗೆ ಕಾಯುವ ಶಕ್ತಿಯಿದೆ, ಅದೇ ಅದರ ಬಂಡವಾಳ. ಒಂದೇ ತೋಟವಿರುವ ಮನೆಗೆ ಆ ಶಕ್ತಿಯಿಲ್ಲ. ಶಕ್ತಿಯಿಲ್ಲದವನ ಮೇಲೆ ಹೊರೆ ಹಾಕಿ ಅದನ್ನು ಶಿಸ್ತು ಎಂದು ಕರೆಯುವುದು ಹೇಗೆ?

ಮುಂದಿನ ಸಾಲಿನಿಂದ ಭೋಜಣ್ಣ ಎದ್ದರು. ಹಳ್ಳದ ಅಂಚಿನ ತೋಟದ ದೊಡ್ಡ ಪಾಲು ಅವರದು. ಅವರು ಒಪ್ಪದಿದ್ದರೆ ಈ ಹಟ್ಟಿಯಲ್ಲಿ ಯೋಜನೆಯೇ ಇಲ್ಲ ಎಂದು ಇಂದ್ರಾಣಿ ಮೊದಲೇ ಹೇಳಿದ್ದಳು. “ಕಾಡು ಬಂದರೆ ಕಾಡೆಮ್ಮೆಯೂ ಬರುತ್ತೆ” ಅಂದರು. “ಈಗಲೇ ತೋಟದಲ್ಲಿ ನಿಂತಿರುತ್ತವೆ. ಕರಡಿಯೂ ಬರುತ್ತೆ. ಮನೆ ಬಾಗಿಲಿಗೆ ಕಾಡು ತಂದುಕೊಂಡು ಮಕ್ಕಳನ್ನು ಶಾಲೆಗೆ ಹೇಗೆ ಕಳಿಸೋದು? ಅದಕ್ಕೆ ಮೈಸೂರಿನವರು ಏನು ಹೇಳ್ತಾರೆ?”

ಇಂದ್ರಾಣಿ ನನ್ನ ಕಡೆ ಬಗ್ಗಿ ಕಿವಿ ಕೊಟ್ಟಳು. ನಾನು ಉಸಿರಿನಲ್ಲೇ ಪಿಸುಗುಟ್ಟಿದೆ. ಅವಳು ಎಡಕ್ಕೆ ಬಂದು ನನ್ನ ಉತ್ತರ ಹೇಳಿದಳು: ದಾರಿಯ ಬದಿಗೆ ಮರ ಬೇಡ, ಹುಲ್ಲು ಮಾತ್ರ ಬಿಡೋಣ, ಪ್ರಾಣಿ ಬಂದರೆ ದೂರದಿಂದ ಕಣ್ಣಿಗೆ ಕಾಣುವ ಹಾಗೆ. ಕೂಡಲೇ ಬಲಕ್ಕೆ ಸರಿದು, “ಆದರೆ ಹುಲ್ಲಿಗೇ ಅಲ್ಲವಾ ಕಾಡೆಮ್ಮೆ ಬರುವುದು?” ಎಂದು ತಾನೇ ಕೇಳಿದಳು. ಮತ್ತೆ ನನ್ನ ಕಿವಿಮಾತು, ಮತ್ತೆ ಎಡಕ್ಕೆ. ಹೀಗೆ ನಾಲ್ಕೈದು ಸಲ ಆ ಕಡೆ ಈ ಕಡೆ ಓಡಾಡಿದ ಮೇಲೆ ಭೋಜಣ್ಣ ಕೈ ಮೇಲೆತ್ತಿ, “ಇರು ತಾಯಿ, ಈಗ ಮಾತಾಡ್ತಾ ಇರೋದು ಯಾರು?” ಅಂದರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಹೆತ್ತೆ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಆನ್ನಾಗೆ ಪಕ್ಕದವಳು ವಿವರಿಸಿದಳು. ಸ್ವಲ್ಪ ತಡವಾಗಿ ಅವಳೂ ನಕ್ಕಳು.

ನಗು ನಿಂತಾಗ ನಾನು ಇಂದ್ರಾಣಿಯ ತೋಳು ಹಿಡಿದು ಹತ್ತಿರ ಎಳೆದೆ. ಇವಳ ಮನೆಯ ಅನ್ನ ನನ್ನ ಹೊಟ್ಟೆಯಲ್ಲಿತ್ತು, ಇವಳ ಅತ್ತೆಯ ಬಟ್ಟೆ ನನ್ನ ಕುತ್ತಿಗೆಯಲ್ಲಿತ್ತು. ಅಷ್ಟು ಪ್ರಾಮಾಣಿಕವಾಗಿ ನನ್ನ ಪರವಾಗಿ ಮಾತಾಡಿದವಳ ಎದುರು ವಾದ ಹಿಡಿದು ಕೂರುವುದು ನಾಚಿಕೆ ಅನ್ನಿಸಿತು. “ನಾನು ನಿನ್ನ ಮಾತು ಒಪ್ಪಿದೆ ಅಂತ ಹೇಳಿಬಿಡು” ಎಂದು ಪಿಸುಗುಟ್ಟಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಸಭೆಯ ಕಡೆ ತಿರುಗಿದಳು.

“ಅಕ್ಕ ನನ್ನ ಮಾತನ್ನು ಒಪ್ಪಿದ್ದಾರಂತೆ” ಅಂದಳು. “ಇದನ್ನು ನಾನು ತಗೊಳ್ಳೋದಿಲ್ಲ. ನಮ್ಮ ಮನೆಯಲ್ಲಿ ಉಂಡಿದ್ದಾರೆ, ಅದಕ್ಕೆ ಹೀಗೆ ಹೇಳ್ತಿದ್ದಾರೆ. ನಿನ್ನೆ ಊಟಿಯಿಂದ ಬರುವ ದಾರಿಯಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಮೊದಲೇ ಕೊಟ್ಟರೆ ಆಮೇಲೆ ಯಾರು ಬಂದು ನೋಡ್ತಾರೆ ಅಂತ. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಅವರು ಅದನ್ನು ಬಿಟ್ಟುಕೊಡಬಾರದು.” ನನ್ನ ಕಡೆ ಬಗ್ಗಿ ಕನ್ನಡದಲ್ಲಿ ಮೆಲ್ಲಗೆ, “ಹೇಳಿ ಅಕ್ಕ. ನಿಮಗೆ ನಿಜವಾಗಿ ಏನು ಬೇಕು?” ಅಂದಳು.

ಕಿವಿಯವರೆಗೂ ಬಿಸಿಯೇರಿತು. ಆದರೆ ಅವಳು ಕೇಳಿದ ರೀತಿಯಲ್ಲಿ ಹಂಗಿಸುವ ಸುಳಿವೇ ಇರಲಿಲ್ಲ. ಉತ್ತರ ನಿಜವಾಗಿ ಬೇಕಾಗಿತ್ತು ಅವಳಿಗೆ. ಇಷ್ಟು ವರ್ಷ ಎಷ್ಟೋ ಸಭೆಗಳಲ್ಲಿ ನನ್ನನ್ನು ಒಪ್ಪಿದವರಿದ್ದಾರೆ, ಬಯ್ದವರಿದ್ದಾರೆ. ನಿನಗೆ ನಿಜವಾಗಿ ಏನು ಬೇಕು ಎಂದು ಕೇಳಿದವರಿರಲಿಲ್ಲ. ಕಣ್ಣು ಮುಚ್ಚಿ ಯೋಚಿಸಿದೆ. ಆ ಒಣಗುಡ್ಡದ ಊರುಗಳಲ್ಲಿ ನನ್ನನ್ನು ಕಾಡಿದ್ದು ಹಣ ಮೊದಲು ಬಂದದ್ದಲ್ಲ. ಹಣ ಕೊಟ್ಟವರು ಮತ್ತೆ ಬರಲೇ ಇಲ್ಲ ಎಂಬುದು. ಸಸಿ ಬಾಡುತ್ತಿದೆ ಎಂದು ಊರವರು ಹೇಳಿಕಳಿಸಿದಾಗ ಕೇಳಿಸಿಕೊಳ್ಳಲು ಯಾರೂ ಉಳಿದಿರಲಿಲ್ಲ ಎಂಬುದು.

“ಹಣ ತಡವಾಗಲಿ ಅಂತ ನನ್ನ ಆಸೆ ಅಲ್ಲ” ಎಂದು ಪಿಸುಗುಟ್ಟಿದೆ. “ಅವರು ಮತ್ತೆ ಮತ್ತೆ ಬರುವ ಹಾಗೆ ಆಗಬೇಕು. ಕೊಡೋದು ಬಾಕಿಯಿದ್ದರೆ ಬರ್ತಾರೆ ಅಂತ ನಾನು ಹಾಗೆ ಹೇಳ್ತಾ ಬಂದೆ.”

ಇಂದ್ರಾಣಿ ಅದನ್ನು ಹೇಳಲು ಎಡಕ್ಕೂ ಸರಿಯಲಿಲ್ಲ, ಬಲಕ್ಕೂ ಸರಿಯಲಿಲ್ಲ. ನಿಂತಲ್ಲೇ ನಿಂತು ಎರಡೇ ವಾಕ್ಯದಲ್ಲಿ ಹೇಳಿದಳು. ಯಾರೂ ನಗಲಿಲ್ಲ.

ಭೋಜಣ್ಣ ಗಡ್ಡ ಸವರಿಕೊಳ್ಳುತ್ತಾ ನಿಂತಿದ್ದರು. “ಹಾಗಾದರೆ ಷರತ್ತು ಎರಡು ಕಡೆಗೂ ಇರಲಿ” ಅಂದರು. “ವರ್ಷ ವರ್ಷ ಅವರು ಬರಲಿ, ನಮ್ಮ ಜೊತೆ ಹಳ್ಳಕ್ಕೆ ಇಳಿದು ನೋಡಲಿ. ಗಿಡ ನೋಡಿಕೊಂಡಿದ್ದರೆ ಆ ವರ್ಷದ್ದು ಆ ವರ್ಷ ಕೊಡಲಿ. ನಾವು ನೋಡಿಕೊಳ್ಳದಿದ್ದರೆ ಕೊಡೋದು ಬೇಡ. ಅವರು ಬಾರದಿದ್ದರೆ ನಾವು ಮತ್ತೆ ಟೀ ನೆಡುತ್ತೇವೆ. ಇದಕ್ಕೆ ಒಪ್ಪಿದರೆ ನನ್ನ ಅಂಚಿನ ಅರ್ಧ ಕೊಡ್ತೆ. ಇನ್ನರ್ಧ ಆಮೇಲೆ ನೋಡೋಣ.”

ಹೆಂಗಸರ ಕಡೆಯಿಂದ ಅವರ ಹೆಂಡತಿ, “ಮೇಲಿನ ಇಳಿಜಾರು ಮುಟ್ಟಬಾರದು, ಅಲ್ಲಿ ದಾರಿ ಇದೆ” ಎಂದು ಕೂಗಿ ಸೇರಿಸಿದರು. ಮಾತು ಅಲ್ಲಿಂದ ಎಲ್ಲ ಕಡೆಗೆ ಹಬ್ಬಿತು. ಬಹಳ ಹೊತ್ತು ನನ್ನ ಕಿವಿಮಾತು ಯಾರಿಗೂ ಬೇಕಾಗಲಿಲ್ಲ.

ಆನ್ನಾ ಎಲ್ಲವನ್ನೂ ಕೇಳಿ ನೇರವಾಗಿಯೇ ಹೇಳಿದಳು. ನಿಧಿಯ ಈಗಿನ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ತಾನು ಒಯ್ದು ವಾದಿಸಬಹುದು, ಒಪ್ಪುತ್ತಾರೆ ಎಂದು ಮಾತು ಕೊಡಲಾಗದು. ಹಾಗಿದ್ದರೆ ಇವತ್ತು ಸಹಿ ಬೇಡ ಎಂದು ಊರವರು ತೀರ್ಮಾನಿಸಿದರು. ಒಪ್ಪಿಗೆ ತರಲು ಹೋದವಳು ಬರಿಗೈಯಲ್ಲಿ ಎದ್ದೆ. ಬೇಸರವಾಗಬೇಕಿತ್ತು, ಆಗಲಿಲ್ಲ. ಹೊರಗೆ ಅಂಗಳದಲ್ಲಿ ಎಲ್ಲರಿಗೂ ಚಹಾ, ತುಪ್ಪದಲ್ಲಿ ಕರಿದ ಸಿಹಿ ಹಿಟ್ಟು. ಭೋಜಣ್ಣ ನನಗೆ ಚಹಾ ಬೇಡವೆಂದು ತಾವೇ ಬಿಸಿನೀರು ತಂದುಕೊಟ್ಟರು.

ಮೂರನೆಯ ದಿನ ಊಟಿಯಲ್ಲಿ ಚೆನ್ನೈನ ಪ್ರೊಫೆಸರರು ಈ ಸಲಹೆಯನ್ನು ಒಪ್ಪಲಿಲ್ಲ. ವರ್ಷ ವರ್ಷ ಕೊಡುವುದಾದರೆ ಅದು ಕೂಲಿಯಾಯಿತು, ಫಲಿತಾಂಶಕ್ಕೆ ಬೆಲೆಯೇನು ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ನೋಡಿಕೊಂಡರೂ ಕಾಡು ಬೆಳೆಯದೆ ಹೋಗಬಹುದು. ಹೆತ್ತೆಯ ಕಷಾಯದಿಂದ ನನಗೆ ಅಷ್ಟು ಹೊತ್ತಿಗೆ ಒಂದು ಒಡಕು ದನಿ ಬಂದಿತ್ತು. ಎದ್ದು ನಿಂತು, ನಿನ್ನೆಯವರೆಗೆ ನಾನು ಅವರ ಪಕ್ಕದಲ್ಲೇ ಕೂತಿದ್ದೆ ಎಂದೂ, ಫಲಿತಾಂಶ ಎಂದು ನಾನು ಕರೆಯುತ್ತಿದ್ದದ್ದು ನಿಜವಾಗಿ ಜವಾಬ್ದಾರಿ, ಅದು ಇಬ್ಬರದೂ ಆಗಬೇಕೆಂದೂ ಹೇಳಿದೆ. ಎರಡು ನಿಮಿಷದಲ್ಲಿ ಕೂತೆ. ಶಿಫಾರಸಿನಲ್ಲಿ ಎರಡೂ ದಾರಿಗಳನ್ನು ಬರೆಯುವುದೆಂದಾಯಿತು.

ಮುಂದೆ ಏನಾಯಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಇಂದ್ರಾಣಿ ಫೋನ್ ಮಾಡಿದ್ದಳು. ಹಳ್ಳದ ಅಂಚಿಗೆ ಮಾತ್ರ ಊರವರ ಷರತ್ತಿನಂತೆ ನಿಧಿ ಒಪ್ಪಿತು. ಉಳಿದ ಹಟ್ಟಿಗಳಿಗೆ ಹಳೆಯ ನಿಯಮವೇ. ಭೋಜಣ್ಣ ಹೇಳಿದಂತೆ ಅರ್ಧವನ್ನೇ ಕೊಟ್ಟರು. ಮೊದಲ ಸಲದ ಭೇಟಿಗೆ ಆನ್ನಾ ಬಂದಳು, ಜಿಗಣೆ ಕಚ್ಚಿಸಿಕೊಂಡು ಹಳ್ಳಕ್ಕೆ ಇಳಿದಳು. ಮುಂದಿನ ವರ್ಷ ಯಾರು ಬರುತ್ತಾರೋ ಗೊತ್ತಿಲ್ಲ. ನನ್ನ ಪಾಲಿಗೆ ಆ ದಿನದ ದೊಡ್ಡ ಕೊಡುಗೆ ಬೇರೆಯೇ ಇದೆ. ನಾನು ಸುಲಭವಾಗಿ ಕೊಟ್ಟ ಒಪ್ಪಿಗೆಯನ್ನು ಒಬ್ಬಳು ಬೇಡ ಎಂದು ವಾಪಸು ಕೊಟ್ಟಳು. ಅದಕ್ಕಾಗಿ ಅವಳಿಗೆ ಎಷ್ಟು ಕೃತಜ್ಞಳಾಗಿದ್ದೇನೆ ಎಂದು ಫೋನಿನಲ್ಲಿ ಹೇಳಲು ಹೋದರೆ, “ಅಯ್ಯೋ, ಸಿಗ್ನಲ್ ಇಲ್ಲೆ ಅಕ್ಕ” ಎಂದು ನಕ್ಕು ತಪ್ಪಿಸಿಕೊಂಡಳು.

ಆ ಸಲ ಸಭೆ ಮುಗಿಸಿ ವಾಪಸು ಬರುವಾಗ ಬೇರೆ ದಾರಿ ನೋಡೋಣ ಎಂದು ಊಟಿಯಿಂದ ಮಸಿನಗುಡಿಗೆ ಹೋಗುವ ಸಣ್ಣ ಬಸ್ಸು ಹತ್ತಿದೆ. ಕಲ್ಹಟ್ಟಿ ಘಾಟಿಯ ತಿರುವುಗಳಲ್ಲಿ ಚಾಲಕ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾ ಕಂಡಕ್ಟರನ ಜೊತೆ ಹರಟುತ್ತಿದ್ದ. ನಾನು ಮುಂದಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದಿದ್ದೆ. ಪ್ರತಿ ತಿರುವಿಗೂ ಚಳಿ ಒಂದಿಷ್ಟು ಕಡಿಮೆಯಾಗುತ್ತಾ ಬಂತು. ಕೆಳಗೆ ತಲುಪಿದಾಗ ಶಾಲು ತೆಗೆದು ಚೀಲಕ್ಕೆ ಹಾಕಿದೆ. ಮಸಿನಗುಡಿಯಲ್ಲಿ ಇಳಿದು ಮೊಸರನ್ನ ತಿಂದೆ. ಗಂಟಲಿಗೆ ಆಗದೆಂದು ಗೊತ್ತಿದ್ದರೂ ತಿಂದೆ.

ಅಲ್ಲಿಂದ ತೆಪ್ಪಕಾಡಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಬಂದು ಕೂತರು. ಬೊಕ್ಕಾಪುರಂನಲ್ಲಿ ಹೊಲವಿದೆಯಂತೆ. ಗುಂಡ್ಲುಪೇಟೆಯಲ್ಲಿದ್ದ ಮಗಳ ಮನೆಗೆ ಒಂದು ಚೀಲ ಅವರೆಕಾಯಿ ಒಯ್ಯುತ್ತಿದ್ದರು. ಕನ್ನಡದಲ್ಲೇ ಮಾತಾಡಿದರು. ನಾನು ಕಿಟಕಿಯಿಂದ ಹಿಂದಕ್ಕೆ ನೋಡುತ್ತಿದ್ದೆ. ನೀಲಗಿರಿ ಬಯಲಿನಿಂದ ನೇರ ಗೋಡೆಯ ಹಾಗೆ ಎದ್ದು ನಿಂತಿತ್ತು. ತುದಿಗೆ ಮೋಡ ಹತ್ತಿಕೊಂಡಿತ್ತು. ಕೋತಗಿರಿ ಆ ಬೆಟ್ಟದ ಇನ್ನೊಂದು ಬದಿ. ಇಲ್ಲಿಂದ ಕಾಣುವಂತಿರಲಿಲ್ಲ. ಆದರೂ ಕಣ್ಣು ಕೀಳಲು ಮನಸ್ಸಾಗಲಿಲ್ಲ.

“ಮೇಲೆ ಹೋಗಿದ್ಯಾ?” ಎಂದು ಕೇಳಿದರು.

“ಹೂಂ.”

“ಯಾರ ಮನೆಗೆ?”

ಬಾಯಿಗೆ ಬಂದದ್ದು ಸಭೆ, ನಿಧಿ, ಯೋಜನೆ. ಒಂದನ್ನೂ ಹೇಳಲು ಇಷ್ಟವಾಗಲಿಲ್ಲ.

“ಮಾಸಿ ಹೆತ್ತೆ ಮನೆಗೆ” ಅಂದೆ.

ಅವರು ಚೀಲವನ್ನು ಮಡಿಲಿಗೆ ಎಳೆದುಕೊಂಡು, “ಚೆನ್ನಾಗವ್ರಾ?” ಎಂದು ಕೇಳಿದರು, ಪರಿಚಯ ಇರುವವರ ಹಾಗೆ.

“ಚೆನ್ನಾಗಿದ್ದಾರೆ” ಅಂದೆ.